ಸೂಜಿಯ ಮೊನೆಯೂ ಗಾಳಿಯ ಹದವೂ

ಭಾದ್ರಪದದ ಚೌತಿಗೆ ಇನ್ನೂ ಒಂದು ತಿಂಗಳು ಇರುವಾಗಲೇ ಬೆಂಗಳೂರು ದಂಡಿನ ಪಾಟರಿ ಟೌನಿಗೆ ಹಬ್ಬ ಬಂದಿರುತ್ತದೆ. ಬೆನ್ಸನ್ ಟೌನ್, ಫ್ರೇಜರ್ ಟೌನುಗಳ ನೆರೆಯ ಈ ಕುಂಬಾರರ ಕೇರಿಯಲ್ಲಿ ಜಗಲಿ, ಅಂಗಳ, ಓಣಿ ಎಲ್ಲೆಲ್ಲಿಯೂ ಗಣಪತಿಗಳು. ಕೆಲವಕ್ಕೆ ಇನ್ನೂ ಹಸಿ ಜೇಡಿಮಣ್ಣಿನ ಬೂದು. ಕೆಲವಕ್ಕೆ ಬಿಳಿಯ ತಳಬಣ್ಣ. ಕೆಲವು ಆಗಲೇ ಪೀತಾಂಬರವುಟ್ಟು ಗಿರಾಕಿಗಳ ದಾರಿ ಕಾಯುತ್ತ ಕುಳಿತಿರುತ್ತವೆ. ಮೂಲೆಯಲ್ಲೊಂದು ಕಂಪ್ರೆಸರ್ ಗುರುಗುಟ್ಟುತ್ತಿರುತ್ತದೆ. ಅದರ ಕೊಳವೆಯ ತುದಿಗೆ ಸಿಕ್ಕಿಸಿದ ಸ್ಪ್ರೇ ಗನ್ನಿನಿಂದ ಬಣ್ಣವು ಮಂಜಿನಂತೆ ಹೊರಟು, ಸೊಂಡಿಲಿನ ಬುಡದಲ್ಲಿ ಗಾಢವಾಗಿ, ಕೆನ್ನೆಯ ಮೇಲೆ ತಿಳಿಯಾಗಿ, ಹೊಟ್ಟೆಯ ಉಬ್ಬಿನಲ್ಲಿ ಇಲ್ಲವೆಂಬಷ್ಟು ತೆಳುವಾಗಿ ಕೂರುತ್ತದೆ. ಕೈಕುಂಚದಿಂದ ಅರ್ಧ ದಿನ ಹಿಡಿಯುವ ಕೆಲಸ ಇಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ.

ಆದರೆ ಕಣ್ಣು ಬರೆಯುವ ಹೊತ್ತು ಬಂದಾಗ ಯಂತ್ರ ಪಕ್ಕಕ್ಕೆ ಸರಿಯುತ್ತದೆ. ಕೆಲಸಗಾರರು ನಾಲ್ಕಾರು ಕೂದಲಿನ ಕುಂಚವನ್ನು ಕಪ್ಪಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಮೊನೆ ಮಾಡಿ, ಉಸಿರು ಬಿಗಿಹಿಡಿದು ರೆಪ್ಪೆಯ ಗೆರೆ ಎಳೆಯುತ್ತಾರೆ. ಸೂಕ್ಷ್ಮ ಚಿತ್ರಣಕ್ಕಾಗಿ ಏರ್‌ಬ್ರಷ್ ಕೊಳ್ಳಲು ಹೊರಟವರು ಬೆಲೆಪಟ್ಟಿಯನ್ನು ತೆರೆಯುವ ಮೊದಲು ಈ ಒಂದು ದೃಶ್ಯವನ್ನು ನಿಂತು ನೋಡಿದರೆ ಅವರ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾದೀತು.

ಏರ್‌ಬ್ರಷ್ ಎಂಬುದು ಸ್ಪ್ರೇ ಗನ್ನಿನ ಕಿರಿಯ ತಂಗಿ. ಆಕಾರದಲ್ಲಿ ದಪ್ಪನೆಯ ಲೇಖನಿಯಂತಿದ್ದು ಮೂರು ಬೆರಳುಗಳ ನಡುವೆ ಹಿಡಿಯುವಂಥದು. ಶಿವಾಜಿನಗರದ ಕಾರ್ಯಾಗಾರಗಳಲ್ಲಿ ಕಾರಿನ ಬಾಗಿಲಿಗೆ ಬಣ್ಣ ಹೊಡೆಯುವ ಗನ್ನಿನ ಮೂತಿ ಸಾಮಾನ್ಯವಾಗಿ ೧.೪ ಮಿಲಿಮೀಟರ್ ಅಗಲವಿದ್ದರೆ, ಏರ್‌ಬ್ರಷ್ಷಿನದು ಅದರ ಮೂರನೆಯ, ನಾಲ್ಕನೆಯ, ಕೆಲವೊಮ್ಮೆ ಏಳನೆಯ ಒಂದು ಪಾಲು. ಬೈಸಿಕಲ್ಲಿನ ಶಿರಸ್ತ್ರಾಣ, ಮೋಟಾರು ಸೈಕಲ್ಲಿನ ಪೆಟ್ರೋಲ್ ಟ್ಯಾಂಕು, ಆಟಿಕೆಯ ವಿಮಾನ, ಮಣ್ಣಿನ ಗೌರಮ್ಮ, ಹುಟ್ಟುಹಬ್ಬದ ಕೇಕು, ಮದುಮಗಳ ಮುಖ, ಇವುಗಳಲ್ಲಿ ಯಾವುದಕ್ಕೂ ಈಗ ಅದು ಬಳಕೆಯಾಗುತ್ತಿದೆ. ಮನೆಮನೆಗೆ ಬಂದ ವಸ್ತುವಾದ್ದರಿಂದ ಆಯ್ಕೆಯ ತೊಡಕೂ ಮನೆಮನೆಗೆ ಬಂದಿದೆ.

ಇಂದಿರಾನಗರದ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ತಾತ. ಬ್ಯಾಂಕಿಗೆ ಹೋಗುವ ತಾಯಿ. ಚಿತ್ರಕಲೆ ಕಲಿತು, ಮನೆಯಲ್ಲಿಯೇ ಪುಟ್ಟ ಗೌರಿ ಗಣೇಶರಿಗೆ ಬಣ್ಣ ಹಚ್ಚಿಕೊಟ್ಟು ಎರಡು ಕಾಸು ಕೂಡಿಟ್ಟಿರುವ ಮೊಮ್ಮಗಳು. ಈ ಸಲದ ಹಬ್ಬಕ್ಕೆ ಮೂವತ್ತು ಮೂರ್ತಿಗಳಿಗೆ ಕೇಳಿಕೆ ಬಂದಿದೆ. ಕೂಡಿಟ್ಟ ಹಣ ಒಂದೇ ಸಲದ ಖರೀದಿಗೆ ಸಾಕಾಗುವಷ್ಟು. ತಪ್ಪು ವಸ್ತು ತಂದರೆ ಮತ್ತೊಂದು ತರಲು ಮುಂದಿನ ವರ್ಷವೇ ಬರಬೇಕು. ಮೂವತ್ತು ಮನೆಗಳಿಗೆ ಕೊಟ್ಟ ಮಾತೂ ಕೆಟ್ಟೀತು.

“ತಾತ, ಇದನ್ನು ನೋಡಿ. ಇದರ ಮೂತಿ ಬರೀ ೦.೧೫ ಮಿಲಿಮೀಟರ್. ಕೂದಲಿನಷ್ಟು ಸಣ್ಣ ಗೆರೆ ಬರುತ್ತದಂತೆ” ಎನ್ನುತ್ತಾಳೆ ಹುಡುಗಿ.

“ಬರಲಿ ಮಗೂ. ಅದಕ್ಕೆ ಗಾಳಿ ಎಲ್ಲಿಂದ ಬರುತ್ತೆ, ಅದನ್ನು ಮೊದಲು ಹೇಳು” ಎನ್ನುತ್ತಾರೆ ತಾತ.

ಹುಡುಗಿಯ ಲೆಕ್ಕದಲ್ಲಿ ಹಣದ ಬಹುಪಾಲು ಸೂಜಿಗೆ. ಉಳಿದ ಚಿಲ್ಲರೆಗೆ ಅಂಗೈಯಗಲದ, ಟ್ಯಾಂಕಿಲ್ಲದ ಒಂದು ಕಂಪ್ರೆಸರ್. ತಾತನ ಲೆಕ್ಕ ತಿರುವುಮುರುವು. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ತೀರ್ಮಾನಿಸಬೇಕಾದರೆ ‘ಸೂಕ್ಷ್ಮ’ ಎಂಬ ಮಾತಿನ ಅರ್ಥವನ್ನು ಮೊದಲು ಬಿಡಿಸಿಕೊಳ್ಳಬೇಕು.

ತಾತನ ಮೇಜಿನ ಮೇಲೆ ಮಾರುತ್ ವಿಮಾನದ ಒಂದು ಮಾದರಿ ಇದೆ ಎಂದುಕೊಳ್ಳಬಹುದು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ರಚಿಸಿ, ೧೯೬೧ರ ಜೂನ್ ೧೭ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿಸಿದ ಯುದ್ಧವಿಮಾನ ಅದು. ನಿಜವಾದ ಮಾರುತ್ ಸುಮಾರು ೧೫.೮೭ ಮೀಟರ್ ಉದ್ದ. ಎಪ್ಪತ್ತೆರಡರಲ್ಲಿ ಒಂದರ ಅಳತೆಗೆ ಕುಗ್ಗಿಸಿದರೆ ೨೨ ಸೆಂಟಿಮೀಟರ್, ಎಂದರೆ ಒಂದು ಗೇಣು. ಈ ಗೇಣುದ್ದದ ವಿಮಾನದ ಮೇಲೆ ಹಸಿರು ಮತ್ತು ಮಣ್ಣಿನ ಕಂದು ಬಣ್ಣಗಳ ಪಟ್ಟೆಗಳು ಒಂದರೊಳಗೊಂದು ಸೇರುವ ಅಂಚನ್ನು ಬರೆಯುವಾಗ ಒಂದು ಮಿಲಿಮೀಟರಿನ ಮಸುಕು ಬಿದ್ದರೆ, ನಿಜವಾದ ರೆಕ್ಕೆಯ ಮೇಲೆ ಅದು ಏಳು ಸೆಂಟಿಮೀಟರಿಗೂ ಮಿಕ್ಕಿದ ಮಸುಕಾಗುತ್ತದೆ. ಇಲ್ಲಿ ಬೇಕಾದ ಸೂಕ್ಷ್ಮತೆ ಗೆರೆಯದಲ್ಲ, ಅಂಚಿನದು. ಕೈಕುಂಚದಿಂದ ಎಂಥ ಗಟ್ಟಿಗನೂ ಈ ಮಸುಕನ್ನು ಸಮನಾಗಿ ತರಲಾರ. ಏರ್‌ಬ್ರಷ್ ಸಲೀಸಾಗಿ ತರುತ್ತದೆ.

ಗೌರಮ್ಮನ ಮುಖಕ್ಕೆ ಬೇಕಾದದ್ದು ಇನ್ನೊಂದು ಬಗೆಯ ಸೂಕ್ಷ್ಮತೆ: ಕೆನ್ನೆಯಿಂದ ಗಲ್ಲದವರೆಗೆ ಎಲ್ಲಿ ಆರಂಭವಾಯಿತು ಎಲ್ಲಿ ಮುಗಿಯಿತು ಎಂದು ತಿಳಿಯದಂತೆ ಇಳಿಯುವ ಛಾಯೆ. ಕಣ್ಣಿಗೆ, ಹುಬ್ಬಿಗೆ, ಸೀರೆಯ ಅಂಚಿಗೆ ಬೇಕಾದದ್ದು ಮೂರನೆಯದು, ಕತ್ತರಿಸಿದಂಥ ಗೆರೆ. ಈ ಮೂರನೆಯದೇ ಏರ್‌ಬ್ರಷ್ಷಿಗೆ ಒಗ್ಗದ ಕೆಲಸ. ಮಂಜು ಎಷ್ಟು ಸಣ್ಣದಾದರೂ ಮಂಜೇ. ಅದಕ್ಕೆ ಹರಿತವಾದ ಅಂಚಿಲ್ಲ. ಜಾಹೀರಾತಿನ ಚಿತ್ರಗಳಲ್ಲಿ ಏರ್‌ಬ್ರಷ್ಷಿನಿಂದ ಬರೆದ ರೆಪ್ಪೆಗೂದಲನ್ನು ಕಂಡು ಮರುಳಾಗುವವರು ಅದರ ಹಿಂದಿರುವ ಹತ್ತು ವರ್ಷದ ಕೈಯನ್ನು ಕಾಣುವುದಿಲ್ಲ. ಆ ಗೆರೆಯನ್ನು ಅಗ್ಗದ ಕುಂಚವೊಂದು ಮೊದಲ ದಿನವೇ ಅದಕ್ಕಿಂತ ಚೆನ್ನಾಗಿ ಎಳೆಯುತ್ತದೆ. ಪಾಟರಿ ಟೌನಿನವರು ಕಣ್ಣಿಗೆ ಕುಂಚ ಹಿಡಿಯುವುದು ಹಳೆಯ ಪದ್ಧತಿಯ ಮೇಲಣ ಮೋಹದಿಂದ ಮಾತ್ರವಲ್ಲ.

ಈ ಉಪಕರಣವು ಹುಟ್ಟಿದ್ದೂ ಗೆರೆಗಾಗಿ ಅಲ್ಲ, ಛಾಯೆಗಾಗಿ. ಅಮೆರಿಕೆಯ ಫ್ರಾನ್ಸಿಸ್ ಸ್ಟ್ಯಾನ್ಲಿ ಎಂಬಾತ ೧೮೭೬ರಲ್ಲಿ ಛಾಯಾಚಿತ್ರಗಳಿಗೆ ಬಣ್ಣ ತುಂತುರಿಸುವ ಸಾಧನವೊಂದಕ್ಕೆ ಹಕ್ಕುಪತ್ರ ಪಡೆದ. ಮುಂದೆ ತನ್ನ ಅವಳಿ ಸೋದರನೊಡನೆ ಕೂಡಿ ಉಗಿಯಿಂದ ಓಡುವ ಮೋಟಾರು ಗಾಡಿಯನ್ನು ಮಾಡಿ ಹೆಸರಾದವನೂ ಇವನೇ. ಮೂರು ವರ್ಷಗಳ ಅನಂತರ ಅಯೋವಾ ಪ್ರಾಂತದ ಆಬ್ನರ್ ಪೀಲರ್ ತನ್ನದೊಂದು ಬಗೆಯನ್ನು ರಚಿಸಿದ. ಗಾಳಿ ಮತ್ತು ಬಣ್ಣ ಒಡಲೊಳಗೇ ಕೂಡುವ, ಇಂದಿನ ಏರ್‌ಬ್ರಷ್ಷಿಗೆ ಪೂರ್ವಜನೆನ್ನಬಹುದಾದ ರಚನೆಯನ್ನು ೧೮೯೦ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಕೊಟ್ಟ. ಛಾಯಾಚಿತ್ರ ಶಾಲೆಗಳು ಅದನ್ನು ಬರಮಾಡಿಕೊಂಡವು. ಅಜ್ಜ ಅಜ್ಜಿಯರ ದೊಡ್ಡದು ಮಾಡಿಸಿದ ಭಾವಚಿತ್ರಗಳು ಹಳೆಯ ಮನೆಗಳ ಗೋಡೆಯ ಮೇಲೆ ಈಗಲೂ ಇವೆ. ಅವುಗಳಲ್ಲಿ ಕೆಲವದರ ಹಿನ್ನೆಲೆ ಭುಜದ ಬಳಿ ಹೊಗೆಯಂತೆ ಕರಗಿರುವುದು ಇಂಥದೇ ಕೈಚಳಕ. ಡಿಸ್ನಿಯವರ ೧೯೩೭ರ ‘ಸ್ನೋ ವೈಟ್’ ಚಿತ್ರಕ್ಕೂ ಇದರ ಸೇವೆ ಸಂದಿತು.

ಕೆಲಸ ಮಾಡುವ ರೀತಿ ಸರಳ. ಮೂತಿಯ ಸುತ್ತ ಗಾಳಿ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಲ್ಲಿಗೆ ಬಣ್ಣ ತಾನಾಗಿ ಎಳೆಯಲ್ಪಟ್ಟು, ಗಾಳಿಗೆ ಸಿಕ್ಕಿ ಹನಿಹನಿಯಾಗಿ ಒಡೆಯುತ್ತದೆ. ಮೂತಿಯೊಳಗೆ ಉದ್ದನೆಯ ಮೊನಚು ಸೂಜಿಯೊಂದು ಬಿರಡೆಯಂತೆ ಕುಳಿತಿರುತ್ತದೆ. ಮೇಲಿನ ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ ಬರುತ್ತದೆ. ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣಕ್ಕೆ ದಾರಿಯಾಗುತ್ತದೆ. ಒತ್ತುವುದು ಮತ್ತು ಎಳೆಯುವುದು ಬೇರೆ ಬೇರೆಯಾಗಿರುವ ಈ ಬಗೆಯನ್ನೇ ಡಬಲ್ ಆಕ್ಷನ್ ಎನ್ನುವುದು. ಒತ್ತಿದೊಡನೆ ಗಾಳಿ ಬಣ್ಣ ಎರಡೂ ಒಟ್ಟಿಗೆ ಹೊರಡುವ ಸಿಂಗಲ್ ಆಕ್ಷನ್ ಬಗೆಯು ಅಗ್ಗ, ಕಲಿಯಲು ಸುಲಭ. ಆದರೆ ಛಾಯೆಯ ಕೆಲಸಕ್ಕೆ ಅದರಿಂದ ಉಪಯೋಗವಿಲ್ಲ. ಬೆರಳ ತುದಿಯ ಅರೆಮಿಲಿಮೀಟರಿನ ಸರಿದಾಟದಲ್ಲಿಯೇ ಎಲ್ಲ ಅಡಗಿರುವಾಗ ಆ ಸರಿದಾಟವನ್ನೇ ಕೊಡದ ಉಪಕರಣವನ್ನು ಕೊಳ್ಳುವುದು ಹಣ ಉಳಿಸಿದಂತಲ್ಲ. ಬಣ್ಣದ ಬಟ್ಟಲು ಮೇಲಿರಬೇಕು. ಆಗ ಬಣ್ಣ ತನ್ನ ಭಾರದಿಂದಲೇ ಇಳಿದು ಬರುವುದರಿಂದ ಕಡಿಮೆ ಗಾಳಿ ಸಾಕು, ನಾಲ್ಕು ಹನಿ ಬಣ್ಣದಲ್ಲೂ ಕೆಲಸ ನಡೆಯುತ್ತದೆ. ಕೆಳಗೆ ಸೀಸೆ ತೂಗುವ ಬಗೆಯು ಗಂಟೆಗಟ್ಟಲೆ ಒಂದೇ ಬಣ್ಣ ಹೊಡೆಯುವವರಿಗೆ ಲೇಸು.

ಇನ್ನು ಸೂಜಿಯ ಮಾತು. ಅಂಗಡಿಯವರು ಹೇಳುವ ೦.೨, ೦.೩, ೦.೫ ಎಂಬ ಅಂಕಿಗಳು ಮೂತಿಯ ಅಗಲವೇ ಹೊರತು ಗೆರೆಯ ಅಗಲವಲ್ಲ. ಗೆರೆಯು ಎಷ್ಟು ಸಣ್ಣದಾಗುತ್ತದೆ ಎಂಬುದು ಸೂಜಿಯನ್ನು ಎಷ್ಟು ಹಿಂದೆಳೆದಿದೆ, ಮೂತಿ ಕಾಗದದಿಂದ ಎಷ್ಟು ದೂರವಿದೆ, ಗಾಳಿ ಎಷ್ಟಿದೆ, ಬಣ್ಣ ಎಷ್ಟು ತೆಳುವಾಗಿದೆ ಎಂಬ ನಾಲ್ಕರ ಲೆಕ್ಕ. ಪಳಗಿದ ಕೈ ೦.೩ರ ಮೂತಿಯಿಂದ ಮಿಲಿಮೀಟರಿನ ಗೆರೆಯನ್ನು ಎಳೆಯಬಲ್ಲುದು. ಪಳಗದ ಕೈ ೦.೧೫ರಿಂದಲೂ ಬೆರಳಗಲದ ಮಸುಕನ್ನೇ ಮಾಡೀತು. ಸಣ್ಣ ಮೂತಿಯ ತೊಂದರೆಗಳೋ ಸಾಲುಸಾಲು. ಬಣ್ಣ ಬೇಗನೆ ಒಣಗಿ ಕಟ್ಟಿಕೊಳ್ಳುತ್ತದೆ. ಒಂದು ಧೂಳಿನ ಕಣ ಸಾಕು, ಅರ್ಧ ಗಂಟೆಯ ಕೆಲಸ ನಿಲ್ಲುತ್ತದೆ. ಸೂಜಿಯ ಮೊನೆ ಮೇಜಿಗೆ ತಗುಲಿ ಕಣ್ಣಿಗೆ ಕಾಣದಷ್ಟು ಬಾಗಿದರೂ ಬಣ್ಣ ಒಂದು ಪಕ್ಕಕ್ಕೆ ಹಾರುತ್ತದೆ. ಹೊನ್ನಿನ ಬಣ್ಣವನ್ನಂತೂ ಅದು ನುಂಗುವುದೇ ಇಲ್ಲ. ಕಿರೀಟಕ್ಕೂ ಒಡವೆಗೂ ಬಳಸುವ ಹೊನ್ನಿನ ಬಣ್ಣದಲ್ಲಿ ಹೊಳೆಯುವುದು ಅಭ್ರಕದಂಥ ಚಪ್ಪಟೆ ಹಳಕುಗಳು. ಅವು ಸಣ್ಣ ಮೂತಿಯಲ್ಲಿ ಅಡ್ಡಡ್ಡ ನಿಂತುಬಿಡುತ್ತವೆ. ಗಣಪನಿಗೆ ಹೊನ್ನಿಲ್ಲದೆ ಆದೀತೆ?

ಇದಕ್ಕಿಂತ ದೊಡ್ಡ ಕಾರಣವೊಂದುಂಟು. ಹಬ್ಬ ಮುಗಿದು ಮೂರ್ತಿ ನೀರಿಗೆ ಹೋಗಬೇಕು. ಹಲಸೂರಿನ ಕೆರೆಯ ಪಕ್ಕದ ಕಲ್ಯಾಣಿಯಲ್ಲಿ ವಿಸರ್ಜನೆಯ ದಿನಗಳಂದು ಕೂಡುವ ಜನಸ್ತೋಮವನ್ನು ಕಂಡವರಿಗೆ ಅಲ್ಲಿ ಕರಗುವ ಬಣ್ಣದ ಪ್ರಮಾಣವನ್ನು ವಿವರಿಸಬೇಕಾಗಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಗಳನ್ನೂ ವಿಷಕಾರಿ ಬಣ್ಣಗಳನ್ನೂ ಬೇಡವೆಂದು, ನೈಸರ್ಗಿಕ ಬಣ್ಣಗಳನ್ನು ಬಳಸಬೇಕೆಂದು ಹೇಳುತ್ತದೆ. ನೀರಿನಲ್ಲಿ ಕಲಸುವ ಬಣ್ಣವಾದರೆ ಸಾಕಲ್ಲ ಎಂದು ಆಕ್ರಿಲಿಕ್ ಬಳಸುವವರು ಬಹಳ. ಹಸಿಯಿದ್ದಾಗ ಆಕ್ರಿಲಿಕ್ ನೀರಿನಲ್ಲಿ ಕಲೆಯುತ್ತದೆ, ನಿಜ. ಒಣಗಿದ ಮೇಲೆ ಅದು ಪ್ಲಾಸ್ಟಿಕ್ಕಿನ ಒಂದು ಪೊರೆ. ಕೆರೆಗೆ ಸೇರುವ ಮೂರ್ತಿಗೆ ಕಾವಿ, ಅರಿಸಿನ, ಗೋಂದು ಇವೇ ಒಳ್ಳೆಯವು. ಆದರೆ ಇವುಗಳ ಕಣ ದಪ್ಪ. ಮೂತಿಯಲ್ಲಿ ಸೂಜಿ ಕುಳಿತ ಮೇಲೆ ಬಣ್ಣಕ್ಕೆ ಉಳಿಯುವುದು ಅದರ ಸುತ್ತಣ ಬಳೆಯಂಥ ಒಂದು ಸಂದು ಮಾತ್ರ; ೦.೨ರ ಮೂತಿಯಲ್ಲಿ ಆ ಸಂದು ಕಾವಿಯ ಕಣವನ್ನು ಬಿಡಲೊಲ್ಲದು. ಮಣ್ಣಿನ ಬಣ್ಣವನ್ನು ಎಷ್ಟೇ ಅರೆದು ಮಲ್ ಬಟ್ಟೆಯಲ್ಲಿ ಶೋಧಿಸಿದರೂ ೦.೫ರ ಮೂತಿ ಬೇಕಾಗುತ್ತದೆ. ಆದುದರಿಂದ ಸೂಜಿಯನ್ನು ಆರಿಸುವುದು ಕಣ್ಣಿನ ಆಸೆಯಲ್ಲ, ಹೊಯ್ಯಬೇಕೆಂದಿರುವ ಬಣ್ಣ. ಅರಿಸಿನದ ವಿಷಯದಲ್ಲಿ ಗೃಹಿಣಿಯರಿಗೆ ತಿಳಿದ ಒಂದು ಸಂಗತಿಯನ್ನು ಹುಡುಗಿಯರು ಮರೆಯುವುದುಂಟು: ತಳಬಣ್ಣಕ್ಕೆ ಸುಣ್ಣ ಬಳಿದು ಮೇಲೆ ಅರಿಸಿನ ಹೊಡೆದರೆ ಪೀತಾಂಬರವು ಓಕುಳಿಯಾಗಿಬಿಡುತ್ತದೆ. ಬಿಳಿ ಜೇಡಿಯ ತಳವಾದರೆ ಆ ಭಯವಿಲ್ಲ.

ಕೆಲವು ತಯಾರಕರು ಒಂದೇ ಒಡಲಿಗೆ ಹೊಂದುವ ಎರಡು ಮೂರು ಅಳತೆಯ ಮೂತಿ ಸೂಜಿಗಳನ್ನು ಕೊಡುತ್ತಾರೆ. ಮನೆಗೊಂದೇ ಏರ್‌ಬ್ರಷ್ ಎಂಬವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಮೊದಲು ೦.೩ ಅಥವಾ ೦.೪, ಮಣ್ಣಿನ ಬಣ್ಣಕ್ಕೆ ೦.೫, ಕೈ ಪಳಗಿ ಎರಡು ಹಬ್ಬ ಕಳೆದ ಮೇಲೂ ಆಸೆ ಉಳಿದಿದ್ದರೆ ೦.೨.

ಈಗ ತಾತನ ಪ್ರಶ್ನೆಗೆ ಬರಬೇಕು. ಗಾಳಿ ಎಲ್ಲಿಂದ?

ಸೂಕ್ಷ್ಮ ಕೆಲಸಕ್ಕೆ ಬೇಕಾದ ಗಾಳಿ ಹೆಚ್ಚೇನೂ ಅಲ್ಲ. ಕಾರಿನ ಚಕ್ರಕ್ಕೆ ಚದರ ಅಂಗುಲಕ್ಕೆ ಸುಮಾರು ೩೦ ಪೌಂಡ್ ಒತ್ತಡ ತುಂಬಿಸುವುದು ಎಲ್ಲರಿಗೂ ಗೊತ್ತಿದೆ. ಏರ್‌ಬ್ರಷ್ಷಿನ ನಯವಾದ ಕೆಲಸ ೧೦ರಿಂದ ೨೦ ಪೌಂಡುಗಳಲ್ಲಿ ನಡೆಯುತ್ತದೆ. ಆದರೆ ಆ ಹದಿನೈದು ಪೌಂಡು ಗೆರೆಯ ಆರಂಭದಲ್ಲಿದ್ದಂತೆಯೇ ಕೊನೆಯಲ್ಲಿಯೂ ಇರಬೇಕು. ಟ್ಯಾಂಕಿಲ್ಲದ ಪುಟ್ಟ ಕಂಪ್ರೆಸರ್ ತನ್ನ ಕೊಂತದ ಪ್ರತಿ ಬಡಿತಕ್ಕೂ ಒಂದೊಂದು ತಳ್ಳು ತಳ್ಳುತ್ತದೆ. ಆ ಮಿಡಿತ ಕೊಳವೆಯಲ್ಲಿ ಸಾಗಿ ಬಂದು ಕೆನ್ನೆಯ ಛಾಯೆಯ ಮೇಲೆ ಅಲೆಯಲೆಯಾಗಿ ಮೂಡುತ್ತದೆ. ಮೂರು ಲೀಟರಿನ ಒಂದು ಟ್ಯಾಂಕು ನಡುವೆ ಇದ್ದರೆ ಮಿಡಿತವೆಲ್ಲ ಅದರಲ್ಲಿ ಲಯವಾಗಿ, ಹೊರಗೆ ಬರುವುದು ನೆಟ್ಟಗಿನ ಉಸಿರು. ಟ್ಯಾಂಕು ತುಂಬಿದಾಗ ಮೋಟಾರು ತಾನಾಗಿ ನಿಲ್ಲುವುದರಿಂದ ಯಂತ್ರವೂ ಕಾಯುವುದಿಲ್ಲ, ನೆರೆಯವರ ನಿದ್ರೆಯೂ ಕೆಡುವುದಿಲ್ಲ. ವಿದ್ಯುತ್ತು ಹೋದರೂ ಹಿಡಿದ ಗೆರೆಯನ್ನು ಮುಗಿಸುವಷ್ಟು ಗಾಳಿ ಉಳಿದಿರುತ್ತದೆ. ಹಬ್ಬದ ಹಿಂದಿನ ರಾತ್ರಿಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ಒತ್ತಡ ಹೆಚ್ಚಾಗಿ ಮೂತಿ ಹತ್ತಿರವಾದರೆ, ಬಿದ್ದ ಬಣ್ಣವನ್ನು ಗಾಳಿಯೇ ತಳ್ಳಿಕೊಂಡು ಹೋಗಿ ಜೇಡನ ಕಾಲುಗಳಂತೆ ಹರಡುತ್ತದೆ. ಒತ್ತಡ ಸಾಲದಿದ್ದರೆ ಬಣ್ಣ ಒಡೆಯದೆ ಮರಳು ಚೆಲ್ಲಿದಂತೆ ಬೀಳುತ್ತದೆ. ಇವೆರಡನ್ನೂ ಹೊಸಬರು ಸೂಜಿಯ ದೋಷವೆಂದು ತಿಳಿದು ಇನ್ನೂ ಸಣ್ಣ ಸೂಜಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರನ್ನು ಅರ್ಧ ತಿರುವು ತಿರುಗಿಸಿದ್ದರೆ ಸಾಕಾಗಿತ್ತು.

ಬೆಂಗಳೂರಿನ ಪಾಲಿಗೆ ಇನ್ನೊಂದು ಶತ್ರುವಿದೆ, ಅದು ನೀರು. ಗೌರಿ ಗಣೇಶರ ಕೆಲಸವೆಲ್ಲ ನಡೆಯುವುದು ಆಷಾಢ, ಶ್ರಾವಣಗಳ ಮೋಡದಡಿಯಲ್ಲಿ. ಆಗಿನ ಗಾಳಿ ತೇವದಿಂದ ತುಂಬಿರುತ್ತದೆ. ಅಂಥ ಗಾಳಿಯನ್ನು ನಾಲ್ಕರಲ್ಲಿ ಒಂದು ಪಾಲಿಗೆ ಒತ್ತಿ ತುಂಬಿದಾಗ, ಒದ್ದೆ ಬಟ್ಟೆಯನ್ನು ಹಿಂಡಿದಂತೆ ನೀರು ಹೊರಬೀಳುತ್ತದೆ. ನಿಮಿಷಕ್ಕೆ ೨೦ ಲೀಟರ್ ಗಾಳಿ ಎಳೆಯುವ ಸಣ್ಣ ಕಂಪ್ರೆಸರನ್ನು ೨೫ ಡಿಗ್ರಿ ಶಾಖದ, ನೂರಕ್ಕೆ ೮೫ರಷ್ಟು ತೇವವಿರುವ ದಿನ ಒಂದು ಗಂಟೆ ಬಿಡದೆ ನಡೆಸಿದರೆ, ಲೆಕ್ಕಕ್ಕೆ ಸಿಗುವ ನೀರು ಹದಿನಾರು ಗ್ರಾಮಿನಷ್ಟು. ಒಂದು ದೊಡ್ಡ ಚಮಚ ಎನ್ನಬಹುದು. ಅಷ್ಟು ನೀರಿನ ಒಂದು ಹನಿ ಕೊಳವೆಯಲ್ಲಿ ತೆವಳಿ ಬಂದು ಮುಗಿದ ಮುಖದ ಮೇಲೆ ಚಿಮ್ಮಿದರೆ, ಆ ಗೌರಮ್ಮನಿಗೆ ಮತ್ತೆ ತಳಬಣ್ಣದಿಂದ ಮೊದಲಾಗಬೇಕು. ಗೋಂದು ಕಾವಿಗಳ ಕೆಲಸದಲ್ಲಂತೂ ಹನಿ ಬಿದ್ದಲ್ಲಿ ಬಣ್ಣ ಕರಗಿ ಮಣ್ಣೇ ಕಾಣುತ್ತದೆ. ರೆಗ್ಯುಲೇಟರಿನ ಕೆಳಗೆ ತೇವ ಹಿಡಿಯುವ ಪಾರದರ್ಶಕ ಬಟ್ಟಲೊಂದು ಇರಬೇಕೆನ್ನುವುದು ಇದಕ್ಕಾಗಿ. ಕೊಳವೆ ಮೂರು ಮೀಟರ್ ಉದ್ದವಿದ್ದರೆ ಗಾಳಿ ದಾರಿಯಲ್ಲಿ ತಣಿಯುವುದರಿಂದ ಏರ್‌ಬ್ರಷ್ಷಿನ ಬುಡದಲ್ಲಿ ಇನ್ನೊಂದು ಪುಟ್ಟ ಬಟ್ಟಲು ಇರುವುದು ಕ್ಷೇಮ. ದಿನದ ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ತಿರುಪನ್ನು ಸಡಿಲಿಸಿ ನೀರು ಬಿಡದಿದ್ದರೆ ಒಳಗೆ ತುಕ್ಕು ಹಿಡಿದು, ಮುಂದಿನ ವರ್ಷ ಬಿಳಿ ಬಣ್ಣದಲ್ಲಿ ಕೆಂಪು ಚುಕ್ಕೆಗಳು ಬರುತ್ತವೆ.

ಬಣ್ಣದ ಹದಕ್ಕೆ ಅಡುಗೆಮನೆಯ ಅಳತೆಯೇ ಸಾಕು. ಬಟ್ಟಲಿನ ಗೋಡೆಗೆ ಹಚ್ಚಿದ ಬಣ್ಣ ಹಾಲಿನಂತೆ ತೆಳ್ಳಗೆ ಪೊರೆ ಬಿಟ್ಟು ಇಳಿಯಬೇಕು. ಮೊಸರಿನಂತೆ ನಿಲ್ಲಲೂ ಬಾರದು, ನೀರಿನಂತೆ ಗುರುತಿಲ್ಲದೆ ಜಾರಲೂ ಬಾರದು.

ಕೊಳ್ಳುವಾಗ ನೋಡಬೇಕಾದ ಕೆಲವು ಸಣ್ಣ ಸಂಗತಿಗಳು ದೊಡ್ಡ ತಲೆನೋವನ್ನು ತಪ್ಪಿಸುತ್ತವೆ. ಕೊಳವೆ ಕೂಡುವ ಬುಡದ ತಿರುಪು ಎಲ್ಲ ತಯಾರಕರದೂ ಒಂದೇ ಅಲ್ಲ. ಜಪಾನಿನ ಇವಾಟಾ, ಜರ್ಮನಿಯ ಹಾರ್ಡರ್ ಸ್ಟೀನ್‌ಬೆಕ್ ಮುಂತಾದವು ಅಂಗುಲದ ಎಂಟನೆಯ ಒಂದು ಅಳತೆಯ ಸಾಮಾನ್ಯ ತಿರುಪಿಗೆ ಒಗ್ಗುತ್ತವೆ. ಅಮೆರಿಕೆಯ ಪಾಶೆ, ಬ್ಯಾಡ್ಜರ್‌ಗಳದು ತಮ್ಮದೇ ಅಳತೆ, ಅವಕ್ಕೆ ನಡುವಣ ಕೊಂಡಿಯೊಂದು ಬೇಕು. ಮೂತಿಗೂ ಸೂಜಿಗೂ ಬಿಡಿಯಾಗಿ ಬದಲಿ ಸಿಗುವುದೇ ಎಂದು ಹಣ ಕೊಡುವ ಮೊದಲೇ ಕೇಳಬೇಕು. ಹೆಸರಿಲ್ಲದ ಅಗ್ಗದ ಏರ್‌ಬ್ರಷ್ಷುಗಳಲ್ಲಿ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಮೂತಿ ಒಡೆದ ದಿನ ಅದರ ಅಳತೆಗೆ ಹೊಂದುವುದು ಊರಲ್ಲೆಲ್ಲ ಹುಡುಕಿದರೂ ಸಿಗುವುದಿಲ್ಲ. ಕಲಿಯುವುದಕ್ಕಾಗಿ ಅಂಥದೊಂದನ್ನು ಕೊಂಡು, ಬಿಚ್ಚಿ ಕಟ್ಟಿ ಕೆಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಮೂವತ್ತು ಮನೆಗಳ ಮಾತನ್ನು ಅದರ ಮೇಲೆ ಹೊರಿಸುವುದು ತರವಲ್ಲ. ತಿನ್ನರ್ ಹಾಕಿದ ಬಣ್ಣವನ್ನು ಬಳಸುವವರು ಒಳಗಿನ ಬಿಗಿಪಟ್ಟಿಗಳು ರಬ್ಬರಿನವೋ ಟೆಫ್ಲಾನಿನವೋ ಎಂಬುದನ್ನೂ ವಿಚಾರಿಸಬೇಕು. ರಬ್ಬರು ತಿನ್ನರಿನಲ್ಲಿ ಉಬ್ಬಿಹೋಗುತ್ತದೆ.

ತಿನ್ನರಿನ ಮಾತು ಬಂದಾಗ ತಾಯಿಯ ಆಕ್ಷೇಪಣೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. “ಮಲಗೋ ಕೋಣೆಯಲ್ಲಿ ಇದನ್ನೆಲ್ಲ ಹೊಡೆಯಬೇಡ” ಎನ್ನುತ್ತಾರೆ ಆಕೆ. ಗೋಡೆ ಕೊಳೆಯಾಗುತ್ತದೆಂಬುದು ಅವರ ಚಿಂತೆ. ಚಿಂತೆ ಗೋಡೆಯದಲ್ಲ, ಶ್ವಾಸಕೋಶದ್ದಾಗಬೇಕು. ಕೈಕುಂಚದ ಬಣ್ಣ ಇಟ್ಟಲ್ಲಿ ಇರುತ್ತದೆ. ಏರ್‌ಬ್ರಷ್ಷಿನ ಬಣ್ಣದಲ್ಲಿ ಒಂದಿಷ್ಟು ಗುರಿಗೆ ತಗುಲದೆ ಗಾಳಿಯಲ್ಲಿ ತೇಲುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಉಸಿರಿನೊಡನೆ ಒಳಗೆ ಹೋಗುತ್ತದೆ. ನೀರಿನ ಬಣ್ಣವಾದರೂ ಅದರ ಕಣ ಕಣವೇ. ಕಾರುಗಳಿಗೂ ಪೆಟ್ರೋಲ್ ಟ್ಯಾಂಕುಗಳಿಗೂ ಬಳಸುವ, ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಪಾಲಿಯುರೇಥೇನ್ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ದ್ರವ್ಯವಿರುತ್ತದೆ. ಅದು ಉಬ್ಬಸವನ್ನು ತರಬಲ್ಲುದು, ಒಮ್ಮೆ ಮೈಗೆ ಒಗ್ಗದಾದರೆ ಅನಂತರ ಅತ್ಯಲ್ಪ ಪ್ರಮಾಣವೂ ಸಹಿಸದಂತಾಗುತ್ತದೆ. ಅದರ ಕೆಲಸ ಮನೆಯದಲ್ಲವೇ ಅಲ್ಲ. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖಕವಚವಿಲ್ಲದೆ ಬರಿ ಕರವಸ್ತ್ರ ಕಟ್ಟಿಕೊಂಡು ಅದನ್ನು ಹೊಡೆಯುವ ಹುಡುಗರನ್ನು ಕಂಡರೆ ಅಯ್ಯೋ ಎನಿಸುತ್ತದೆ. ಬಟ್ಟೆಯ ಕಟ್ಟು ತಿನ್ನರಿನ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲು ತುಂಬಿದ ಡಬ್ಬಿಯ ಮುಖಕವಚವೇ ಬೇಕು. ಮನೆಯಲ್ಲಿ ನೀರಿನ ಬಣ್ಣ ಹೊಡೆಯುವವರು ಕೂಡ ಕಣ ತಡೆಯುವ ಒಳ್ಳೆಯ ಮುಖಕವಚ ಧರಿಸಿ, ಕಿಟಕಿಯ ಕಡೆಗೆ ಗಾಳಿ ಎಳೆಯುವ ಪಂಖವಿಟ್ಟು, ಅದರತ್ತ ಮುಖ ಮಾಡಿ ಕೂರಬೇಕು. ಸೀಸದ ಅಂಶವಿರುವ ಹಳೆಯ ಹಳದಿ, ಕೆಂಪು ಬಣ್ಣದ ಡಬ್ಬಿಗಳು ಅಟ್ಟದ ಮೇಲಿದ್ದರೆ ಅವು ಏರ್‌ಬ್ರಷ್ಷಿನ ಬಳಿಗೂ ಸುಳಿಯಬಾರದು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರ ನವೆಂಬರಿನಿಂದ. ಮುಖಕವಚದ ಬೆಲೆಯನ್ನು ಖರೀದಿಯ ಲೆಕ್ಕದಲ್ಲಿ ಮೊದಲೇ ಸೇರಿಸಿಬಿಟ್ಟರೆ ಆಮೇಲೆ ‘ಹಣ ಮುಗಿಯಿತು’ ಎನ್ನುವ ನೆಪ ಇರುವುದಿಲ್ಲ.

ಇಂದಿರಾನಗರದ ಮನೆಯಲ್ಲಿ ಕೊನೆಗೆ ಗೆದ್ದದ್ದು ತಾತನ ಲೆಕ್ಕವೆಂದು ಕಲ್ಪಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮೂರು ಲೀಟರ್ ಟ್ಯಾಂಕಿನ ಕಂಪ್ರೆಸರ್, ತೇವ ಹಿಡಿಯುವ ಬಟ್ಟಲು, ಮುಖಕವಚ. ಉಳಿದ ಹಣದಲ್ಲಿ ೦.೩ ಮತ್ತು ೦.೫ ಎರಡೂ ಹೊಂದುವ ನಡುತರದ ಡಬಲ್ ಆಕ್ಷನ್ ಏರ್‌ಬ್ರಷ್. ಹುಡುಗಿಗೆ ಸ್ವಲ್ಪ ಮುಖ ಸಣ್ಣದಾಗುತ್ತದೆ. ಹಳೆಯ ಪತ್ರಿಕೆಗಳ ಮೇಲೆ ನೀರಿಗೆ ಶಾಯಿ ಬೆರೆಸಿ ಅಭ್ಯಾಸ ಆರಂಭಿಸುತ್ತಾಳೆ: ಮೊದಲು ಚುಕ್ಕೆಗಳ ಸಾಲು, ಎಲ್ಲವೂ ಒಂದೇ ಗಾತ್ರಕ್ಕೆ ಬರುವವರೆಗೆ; ಅನಂತರ ಚುಕ್ಕೆಯಿಂದ ಚುಕ್ಕೆಗೆ ಗೆರೆ; ಅನಂತರ ದಪ್ಪವಾಗಿ ಹೊರಟು ಕೂದಲಂತೆ ಮುಗಿಯುವ ಬಾಕುವಿನಂಥ ಬೀಸು. ಮೊದಲ ವಾರ ಜೇಡನ ಕಾಲುಗಳೇ. ತಾತ ಕನ್ನಡಕ ಏರಿಸಿಕೊಂಡು ಬಂದು ರೆಗ್ಯುಲೇಟರಿನ ಮುಳ್ಳನ್ನು ನೋಡಿ, ಮಾತಾಡದೆ ಅರ್ಧ ತಿರುವು ಇಳಿಸಿ ಹೋಗುತ್ತಾರೆ.

ಪ್ರತಿ ಬಣ್ಣ ಮುಗಿದೊಡನೆ ಬಟ್ಟಲಿಗೆ ನೀರು ಹೊಯ್ದು ತಿಳಿಯಾಗುವವರೆಗೆ ಹಾಯಿಸಬೇಕು. ರಾತ್ರಿ ಸೂಜಿಯನ್ನು ಹಿಂಬದಿಯಿಂದ ಎಳೆದು, ಮೆತ್ತನೆಯ ಬಟ್ಟೆಯಲ್ಲಿ ಬುಡದಿಂದ ಮೊನೆಯ ಕಡೆಗೆ ತಿರುಗಿಸುತ್ತ ಒರೆಸಬೇಕು. ಮೊನೆಯಿಂದ ಬುಡಕ್ಕೆ ಎಂದೂ ಅಲ್ಲ. ಮೂತಿಯನ್ನು ಗುಂಡುಸೂಜಿಯಿಂದ ಕೆದಕುವ ಆಸೆಯನ್ನು ತಡೆದುಕೊಳ್ಳಬೇಕು. ಕೆದಕಿದ ಮೂತಿ ಮತ್ತೆ ನೆಟ್ಟಗೆ ಉಸಿರಾಡದು.

ಚೌತಿಗೆ ನಾಲ್ಕು ದಿನವಿರುವಾಗ ಮೂವತ್ತು ಮುಖಗಳೂ ಸಾಲಾಗಿ ಕುಳಿತಿರುತ್ತವೆ, ಕೆನ್ನೆಯಲ್ಲಿ ಕಾವಿಯ ನೆರಳು, ಹಣೆಯಲ್ಲಿ ಅರಿಸಿನದ ಹೊಳಪು. ಕಣ್ಣು ಮಾತ್ರ ಇನ್ನೂ ಇಲ್ಲ. ಹುಡುಗಿ ಕಂಪ್ರೆಸರಿನ ಗುಂಡಿ ಆರಿಸಿ, ಟ್ಯಾಂಕಿನ ನೀರು ಬಸಿದು, ಸೂಜಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ತಾಯಿ ತಂದಿಟ್ಟ ಕಾಡಿಗೆಯನ್ನು ಗೋಂದಿನಲ್ಲಿ ಕಲಸುತ್ತಾಳೆ. ಅವಳ ಕೈಯಲ್ಲೀಗ ನಾಲ್ಕಾರು ಕೂದಲಿನ ಹಳೆಯ ಕುಂಚ.